ನಾಚ್ ಸಂಕೇತ ತಡೆಯಲು ಯಾವ ನೊಣ: ಶಿಬಿರೆಯೋ, ಮೈಂಡ್‌ಬಾಂಬ್ ಆರ್‌ಎನ್‌ಎಐಯೋ?

ಜೀವಕೋಶ ಹೊರಪೊರೆಯನ್ನು ಒಳಕ್ಕೆ ಮಡಚಿ, ಚೀಲ ಕಟ್ಟಿ ನುಂಗುವುದೇ ಎಂಡೋಸೈಟೋಸಿಸ್. ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸಲೂ ಇದು ಬೇಕು; ನಾಚ್ ಸಂಕೇತ ಅಂಥದ್ದೊಂದು ಸುದ್ದಿ. ಅದನ್ನು ಮಕ್ಕಳಿಗೆ ತೋರಿಸಲು ಶಿವಮೊಗ್ಗದ ನಮ್ಮ ಕಾಲೇಜು ಲ್ಯಾಬಿನಲ್ಲಿ ಎರಡು ಬಗೆಯ ಹಣ್ಣಿನ ನೊಣ ಸಾಕಿ ನೋಡಿದೆ: ಒಂದು ಶಿಬಿರೆ ಎಂಬ ರೂಪಾಂತರಿ, ಇನ್ನೊಂದು ಮೈಂಡ್‌ಬಾಂಬ್ ಜೀನನ್ನು ತಗ್ಗಿಸಿದ್ದು.

ಚೀಲವನ್ನು ಪೊರೆಯಿಂದ ಕಳಚುವ ಪ್ರೋಟೀನ್ ಡೈನಮಿನ್. ಶಿಬಿರೆ ನೊಣದಲ್ಲಿ ಅದು ಶಾಖದಲ್ಲಿ ಮಾತ್ರ ಕೈಕೊಡುತ್ತದೆ. 29–30 ಡಿಗ್ರಿಗೆ ಒಯ್ದರೆ ಚೀಲಗಳು ಪೊರೆಯಿಂದ ಕಳಚಿಕೊಳ್ಳುವುದಿಲ್ಲ. ನರಗಳು ಸೋತು ನೊಣ ಬೀಳುತ್ತದೆ. ತಂಪು ಮಾಡಿದರೆ ಎದ್ದು ಓಡಾಡುತ್ತದೆ. ಬಿಸಿನೀರು, ಥರ್ಮಾಮೀಟರ್ ಇದ್ದರೆ ಸಾಕು, ಕ್ಲಾಸಿನಲ್ಲಿ ಚಪ್ಪಾಳೆ ಗ್ಯಾರಂಟಿ. ಆದರೆ ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ಚಪ್ಪಾಳೆಗೆ ಮುಂಚೆಯೇ ಬಾಟಲಿಯಲ್ಲೆಲ್ಲ ಮಲಗಿರುತ್ತವೆ! ಅಲ್ಲದೆ ಅದು ತೋರಿಸುವುದು ನರದ ಕಥೆ. ಪ್ಯೂಪಾ ಹಂತದಲ್ಲಿ ಶಾಖ ಕೊಟ್ಟರೆ ನಾಚ್ ಸುದ್ದಿ ಕೆಟ್ಟು ಬೆನ್ನ ಮೇಲಿನ ಕೂದಲು ಜಾಸ್ತಿಯಾಗುವುದೋ ಕಾಣೆಯಾಗುವುದೋ ಆಗುತ್ತದೆ, ಶಾಖ ಕೊಟ್ಟ ಹೊತ್ತಿನ ಮೇಲೆ ನಿಂತಿದೆ. ಸುದ್ದಿ ಕಳಿಸುವ ಕೋಶ ಕೆಟ್ಟಿತೋ, ಪಡೆಯುವ ಕೋಶ ಕೆಟ್ಟಿತೋ? ಗೊತ್ತಾಗುವುದಿಲ್ಲ, ಎರಡರಲ್ಲೂ ಡೈನಮಿನ್ ಬೇಕಲ್ವಾ.

ನನಗೆ ಹೆಚ್ಚು ಹಿಡಿಸಿದ್ದು ಎರಡನೆಯದು, ಮೈಂಡ್‌ಬಾಂಬ್ ನೊಣ. ಕಳಿಸುವ ಕೋಶದ ಮೇಲೆ ಡೆಲ್ಟಾ ಎಂಬ ಪ್ರೋಟೀನ್, ಪಡೆಯುವ ಕೋಶದ ಮೇಲೆ ನಾಚ್ ಎಂಬ ಪ್ರೋಟೀನ್. ಎರಡೂ ಕೈ ಹಿಡಿದ ಮೇಲೆ ಕಳಿಸುವ ಕೋಶ ಡೆಲ್ಟಾವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ನಾಚ್ ಬಿಚ್ಚಿಕೊಂಡು ಕತ್ತರಿಸುವ ಕಿಣ್ವಗಳಿಗೆ ಸಿಗುತ್ತದೆ, ಅದರ ಒಳತುಂಡು ಕೋಶಕೇಂದ್ರಕ್ಕೆ ಹೋಗುತ್ತದೆ. ಡೆಲ್ಟಾಗೆ 'ಒಳಗೆ ಬಾ' ಎಂದು ಗುರುತು ಹಚ್ಚುವುದು ಮೈಂಡ್‌ಬಾಂಬ್ ಪ್ರೋಟೀನ್. ಬೇಕಾದ ಅಂಗದಲ್ಲಷ್ಟೇ ಜೀನು ಚಾಲೂ ಮಾಡುವ ಗ್ಯಾಲ್4 ಬಳಸಿ, ರೆಕ್ಕೆಯಲ್ಲಷ್ಟೇ ಇದನ್ನು ಆರ್‌ಎನ್‌ಎಐನಿಂದ (ಜೀನಿನ ಸಂದೇಶ ಆರ್‌ಎನ್‌ಎಯನ್ನು ನಾಶಮಾಡುವ ವಿಧಾನ) ತಗ್ಗಿಸಿದರೆ ಸಾಕು, ರೆಕ್ಕೆಯ ಅಂಚು ಕಚ್ಚಿ ತಿಂದಂತೆ ಆಗುತ್ತದೆ. ಸಾದಾ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ.

ಕಷ್ಟವೂ ಇದೆ. ಕನ್ಯೆ ನೊಣಗಳನ್ನು ಹೊತ್ತು ನೋಡಿ ಆರಿಸಬೇಕು, ಮರಿ ಹಾರುವವರೆಗೆ 25 ಡಿಗ್ರಿಯಲ್ಲಿ ಸುಮಾರು 10 ದಿನ ಕಾಯಬೇಕು. ಮಳೆಗಾಲದಲ್ಲಿ ರವೆ-ಬೆಲ್ಲದ ಆಹಾರಕ್ಕೆ ಬೂಸ್ಟು ಹಿಡಿಯುತ್ತದೆ, ಅದನ್ನು ತಡೆಯುವ ಪ್ರೊಪಿಯಾನಿಕ್ ಆಮ್ಲ ಮರೆಯುವಂತಿಲ್ಲ. ಗ್ಯಾಲ್4 ಕೂಡ ಬಿಸಿಯಲ್ಲಿ ಜೋರಾಗುವುದರಿಂದ ಇಲ್ಲಿಯೂ ಇನ್‌ಕ್ಯುಬೇಟರ್ ನಂಬಿಕೆಯದ್ದಾಗಿರಬೇಕು.

ಪಿಯುಸಿ, ಬಿಎಸ್ಸಿ ಮಕ್ಕಳಿಗೆ ಶಿಬಿರೆ ಸಾಕು. ಸಂಕೇತದ ಬಗ್ಗೆ ಪ್ರಶ್ನೆ ಕೇಳುವ ಎಂಎಸ್ಸಿಯವರಿಗೆ ರೆಕ್ಕೆಯೇ ಸರಿ. ಆದರೆ ಎರಡರಲ್ಲೂ ತಡೆ ಬಿದ್ದದ್ದು ನುಂಗುವ ಹಂತದಲ್ಲೇ. ಮುಂದೆ, ಒಳಚೀಲ ವಿಂಗಡಣೆಯ ಹಂತದಲ್ಲಿ ವಿಪಿಎಸ್25 ಜೀನು ಕೆಟ್ಟರೆ ನಾಚ್ ಅಲ್ಲೇ ಉಳಿದು ಸಂಕೇತ ಕಡಿಮೆಯಾಗುವ ಬದಲು ಏರುತ್ತದೆ, ಅಂಗಾಂಶ ಅತಿಯಾಗಿ ಬೆಳೆಯುತ್ತದೆ. ಅದನ್ನು ತೋರಿಸಲು ಈ ಎರಡೂ ನೊಣ ಸಾಲವು.