ದಿಶಾಂಕ್ ಆ್ಯಪ್: ಮೊದಲ ಸೈಟು ಹುಡುಕುವವರು ಮೊಬೈಲಿಗೆ ಹಾಕಿಕೊಳ್ಳಬೇಕಾದದ್ದು

ಜಾಗದ ಮೇಲೆ ದುಡ್ಡು ಹಾಕಬೇಕು ಅಂತ ಹೊರಟವರು ಮೊದಲು ಬ್ರೋಕರ್ ನಂಬರ್ ಸೇವ್ ಮಾಡಿಕೊಳ್ಳುತ್ತಾರೆ. ಅದಕ್ಕೂ ಮೊದಲು ದಿಶಾಂಕ್ ಹಾಕಿಕೊಳ್ಳಿ ಅಂತ ನಾನು ಗೆಳತಿಯರಿಗೆಲ್ಲ ಹೇಳುತ್ತೇನೆ. ಇದು ಕರ್ನಾಟಕ ಸರ್ಕಾರದ್ದೇ ಆ್ಯಪ್. ದುಡ್ಡು ಕೊಡಬೇಕಾಗಿಲ್ಲ. ಯಾವುದೋ ಹೊಲದಲ್ಲೋ ಲೇಔಟಿನಲ್ಲೋ ನಿಂತು ತೆರೆದರೆ, ನಿಮ್ಮ ಕಾಲ ಕೆಳಗಿನ ಜಾಗದ ಸರ್ವೆ ನಂಬರ್, ಊರು, ಹೋಬಳಿ, ತಾಲ್ಲೂಕು ಎಲ್ಲ ತೋರಿಸುತ್ತದೆ.

ನಾನು ತುಮಕೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಸಂಬಳ ದೊಡ್ಡದಲ್ಲ, ಚೀಟಿ ಕಟ್ಟಿ ಉಳಿಸುತ್ತೇನೆ. ಆದರೆ ಆಸೆ ದೊಡ್ಡದೇ ಇದೆ. ನಲವತ್ತೈದು ತುಂಬುವುದರೊಳಗೆ ಬಾಡಿಗೆ ಬರುವ ನಾಲ್ಕು ಮನೆ ನನ್ನ ಹೆಸರಿನಲ್ಲಿ ಇರಬೇಕು. ಇದನ್ನು ಹೇಳಿದರೆ ಮನೆಯಲ್ಲಿ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಆಸೆ ಇರುವುದರಿಂದಲೇ ಭಾನುವಾರ ಬಿಸಿಲಲ್ಲಿ ಊರೂರು ಸುತ್ತುವುದಕ್ಕೆ ಆಗುತ್ತದೆ. ತೊಂದರೆ ಇರುವುದು ಆತುರದಲ್ಲಿ. ಹೊಸಬರ ಆತುರವನ್ನು ನೋಡಿಯೇ ಈ ದಂಧೆಯಲ್ಲಿ ಬೆಲೆ ಕಟ್ಟುವವರು ಬಹಳ ಜನ ಇದ್ದಾರೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಲೇಔಟಿನಲ್ಲಿ ಆದದ್ದು ಹೇಳುತ್ತೇನೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಸ್ಯಾಟಲೈಟ್ ರಿಂಗ್ ರೋಡ್ ಆದ ಮೇಲೆ ಆ ಭಾಗದಲ್ಲಿ ಎಲ್ಲಿ ನೋಡಿದರೂ ಫ್ಲೆಕ್ಸು. ಸೈಟು ತೋರಿಸುವವರು ಬಹಳ ಮರ್ಯಾದೆಯಿಂದ ಮಾತಾಡಿದರು. ಕಾರಿನಲ್ಲಿ ಕರೆದುಕೊಂಡು ಹೋದರು, ಎಳನೀರು ಕೊಡಿಸಿದರು. ಪೂರ್ವ ದಿಕ್ಕಿನ ಮೂಲೆ ಸೈಟು, ಮೂವತ್ತು ನಲವತ್ತು, ಇನ್ನು ಎರಡೇ ಉಳಿದಿದೆ, ಸಂಜೆಯೊಳಗೆ ಟೋಕನ್ (ಮುಂಗಡ) ಹಾಕಿದರೆ ಚದರಡಿಗೆ ನೂರು ರೂಪಾಯಿ ಕಡಿಮೆ ಅಂದರು. ನಾನು ಆ ಮೂಲೆಯಲ್ಲೇ ನಿಂತು ದಿಶಾಂಕ್ ತೆರೆದೆ. ಗ್ರಾಮ ನಕ್ಷೆಯ ಗೆರೆಗಳು ಉಪಗ್ರಹದ ಚಿತ್ರದ ಮೇಲೆ ಬಂದವು. ಹಳ್ಳದ ಗೆರೆ ಆ ಸೈಟಿನ ಪಕ್ಕಕ್ಕೇ ಹಾದು ಹೋಗಿತ್ತು. ನೆಲದ ಮೇಲೆ ನೋಡಿದರೆ ಹಳ್ಳ ಇಲ್ಲ, ಕೆಂಪು ಮಣ್ಣು ತುಂಬಿ ರೋಲರ್ ಹೊಡೆದಿದ್ದಾರೆ.

'ಅದು ಹಳೇ ಮ್ಯಾಪು ಮೇಡಂ, ಈಗ ಅಲ್ಲಿ ನೀರೇ ಹರಿಯಲ್ಲ' ಅಂದರು.

ಹಳೇ ಮ್ಯಾಪೇ ಮುಖ್ಯ ಅಲ್ವಾ? ನೀರು ಹರಿಯಲಿ ಬಿಡಲಿ, ನಕ್ಷೆಯಲ್ಲಿ ಹಳ್ಳ ಇದ್ದರೆ ಅದು ಸರ್ಕಾರದ ಜಾಗ. ಆ್ಯಪಿನಲ್ಲೇ ಸರ್ವೆ ನಂಬರ್ ಕೆಳಗೆ ಸರ್ನಾಕ್, ಹಿಸ್ಸಾ (ಆ ನಂಬರಿನ ಉಪವಿಭಾಗಗಳು) ಆರಿಸಿಕೊಂಡರೆ ಜಮೀನಿನ ಮಾಲೀಕರ ಹೆಸರು, ವಿಸ್ತೀರ್ಣ ಬರುತ್ತದೆ. ಅದನ್ನು ಬರೆದುಕೊಂಡು ಬಂದೆ. ಟೋಕನ್ ಕೊಡಲಿಲ್ಲ.

ಆ ಸರ್ವೆ ನಂಬರಿನ ಪಹಣಿಯನ್ನು, ಅಂದರೆ ಜಮೀನಿನ ದಾಖಲೆಯನ್ನು, ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ತೆಗೆದು ದೊಡ್ಡಪ್ಪನ ಮುಂದೆ ಇಟ್ಟೆ. ಅವರು ಗ್ರಾಮಲೆಕ್ಕಿಗರಾಗಿ ರಿಟೈರ್ ಆದವರು. ಪಹಣಿ ಓದುವುದನ್ನು ನನಗೆ ಕಲಿಸಿದ್ದು ಅವರೇ. 'ಹೆಸರು ಆಮೇಲೆ ನೋಡಮ್ಮ, ಮೊದಲು ಮೂರನೇ ಕಾಲಂ, ಆಮೇಲೆ ಹನ್ನೊಂದು' ಅನ್ನುತ್ತಾರೆ. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು, ಅಂದರೆ ಸಾಗುವಳಿ ಲೆಕ್ಕಕ್ಕೆ ಬರದ ಜಾಗ, ಎಷ್ಟು ಅಂತ ಇರುತ್ತದೆ. ಅ ಖರಾಬು ಬೇರೆ, ಬ ಖರಾಬು ಬೇರೆ. ಬ ಖರಾಬು ಅಂದರೆ ರಸ್ತೆ, ಹಳ್ಳ, ಕಾಲುವೆ ಇಂಥ ಸಾರ್ವಜನಿಕ ಬಳಕೆಯದ್ದು. ಅದನ್ನು ಯಾರೂ ಮಾರುವ ಹಾಗಿಲ್ಲ. ಇಲ್ಲಿ 6 ಗುಂಟೆ ಬ ಖರಾಬು ಇತ್ತು. ಗುಂಟೆಗೆ 1,089 ಚದರಡಿ, ಅಂದರೆ 6,534 ಚದರಡಿ. ಮೂವತ್ತು ನಲವತ್ತರ ಐದು ಸೈಟು ಅದರಲ್ಲೇ ಕೂತಿವೆ! ಹನ್ನೊಂದನೇ ಕಾಲಂ ಋಣದ್ದು. ಬ್ಯಾಂಕ್ ಸಾಲ, ಕೋರ್ಟ್ ತಡೆ, ಸ್ವಾಧೀನದ ನೋಟಿಸ್ ಸಾಮಾನ್ಯವಾಗಿ ಅಲ್ಲಿ ನಮೂದಾಗಿರುತ್ತದೆ. ಜಮೀನು ಮೂಲದಲ್ಲಿ ಯಾರಿಗಾದರೂ ಮಂಜೂರಾದದ್ದಾ ಅಂತಲೂ ದೊಡ್ಡಪ್ಪ ಹುಡುಕುತ್ತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದ್ದರೂ ಅದು ಊರ್ಜಿತ ಅಲ್ಲ.

ಇಷ್ಟೆಲ್ಲ ಶುರುವಾದದ್ದು ಒಂದು ಸರ್ವೆ ನಂಬರಿನಿಂದ. ದಿಶಾಂಕ್ ನನಗೆ ಇಷ್ಟ ಆಗಿದ್ದೇ ಅದಕ್ಕೆ. ಸೈಟು ನೋಡಿದ ತಕ್ಷಣ ಮನಸ್ಸು ಗೃಹಪ್ರವೇಶದ ತನಕ ಓಡಿಬಿಡುತ್ತದೆ. ಬಾಗಿಲು ಯಾವ ಕಡೆ, ಬಾಡಿಗೆ ಎಷ್ಟು ಬರಬಹುದು, ಎಲ್ಲ ಲೆಕ್ಕ ಹಾಕಿಬಿಡುತ್ತೇವೆ. ಆ ಹೊತ್ತಿಗೆ ಕೈಯಲ್ಲಿ ಒಂದು ನಂಬರ್ ಬಂದರೆ ಕೇಳುವುದಕ್ಕೆ ಪ್ರಶ್ನೆ ಸಿಗುತ್ತದೆ. ಪ್ರಶ್ನೆ ಕೇಳುವವರ ಹತ್ತಿರ ಬ್ರೋಕರುಗಳೂ ಬೇರೆ ಥರ ಮಾತಾಡುತ್ತಾರೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. 'ಸರ್ವೆ ನಂಬರ್ ಎಷ್ಟು, ಕನ್ವರ್ಷನ್ ಆರ್ಡರ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ) ಕಾಪಿ ಕೊಡಿ' ಅಂತ ಫೋನಿನಲ್ಲೇ ಕೇಳಿದರೆ ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ. ಉಳಿದ ಅರ್ಧ ಜನರ ಜೊತೆ ವ್ಯವಹಾರ ಮಾಡಬಹುದು.

ಈ ಆ್ಯಪ್ ಎಲ್ಲವನ್ನೂ ಹೇಳುತ್ತದೆ ಅಂದುಕೊಳ್ಳಬೇಡಿ. ಮೊಬೈಲಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ತೋರಿಸಬಹುದು. ಹಾಗಾಗಿ ಗಡಿಯ ಹತ್ತಿರ ಇದನ್ನು ನಂಬಿ ಬೇಲಿ ಹಾಕುವ ಹಾಗಿಲ್ಲ, ಸರ್ವೇಯರ್ ಬಂದು ಅಳೆಯಲೇಬೇಕು. ಸೈಟ್ ನಂಬರ್ ಇದರಲ್ಲಿ ಹುಡುಕುವ ಹಾಗಿಲ್ಲ, ಇದು ಸರ್ವೆ ನಂಬರಿನ ಲೆಕ್ಕ. ಫ್ಲ್ಯಾಟ್ ತೆಗೆದುಕೊಳ್ಳುವವರಿಗೆ ಉಪಯೋಗ ಕಡಿಮೆ. ಕೋರ್ಟಿನಲ್ಲಿ ತೋರಿಸುವ ದಾಖಲೆ ಅಂತೂ ಅಲ್ಲ.

ಜೊತೆಗೆ ಇನ್ನೆರಡು ಕಡೆ ನೋಡಲೇಬೇಕು. ಒಂದು ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ ಆನ್‌ಲೈನ್. ಅಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದರೆ ಆ ಜಾಗ ಯಾರಿಂದ ಯಾರಿಗೆ ಹೋಯಿತು, ಅಡಮಾನ ಇದೆಯಾ ಗೊತ್ತಾಗುತ್ತದೆ. ಆನ್‌ಲೈನಿನಲ್ಲಿ 2004ರಿಂದ ಈಚಿನದು ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು. ಇನ್ನೊಂದು ರೆರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೆರಾ ನೋಂದಣಿ ಇಲ್ಲದೆ ಜಾಹೀರಾತು ಕೊಡುವ ಹಾಗೂ ಇಲ್ಲ, ಮಾರುವ ಹಾಗೂ ಇಲ್ಲ. ನೋಂದಣಿ ಆದ ಪ್ರಾಜೆಕ್ಟಿನಲ್ಲೂ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸದೆ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಟೋಕನ್ ವಿಷಯದಲ್ಲಿ ಈ ಒಂದು ನಿಯಮ ಬಾಯಿಪಾಠ ಇರಲಿ.

ದುಡ್ಡಿನ ಲೆಕ್ಕದಲ್ಲೂ ಹೊಸಬರು ರಿಜಿಸ್ಟ್ರೇಷನ್ ಖರ್ಚು ಮರೆತುಬಿಡುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಪರ್ಸೆಂಟಿನಿಂದ 2 ಪರ್ಸೆಂಟ್ ಆಯಿತು. ಸ್ಟಾಂಪ್ ಡ್ಯೂಟಿ, ಸೆಸ್, ಸರ್ಚಾರ್ಜ್ ಎಲ್ಲ ಸೇರಿ ಸೈಟಿಗೆ ಏಳೂವರೆ ಪರ್ಸೆಂಟಿಗಿಂತ ಸ್ವಲ್ಪ ಮೇಲೆ. 20 ಲಕ್ಷದ ಸೈಟಿಗೆ ಒಂದೂವರೆ ಲಕ್ಷ ಅದಕ್ಕೇ ಬೇಕು. ನಾನು ಇದನ್ನು ಬೇರೆ ಅಕೌಂಟಿನಲ್ಲಿ ಇಟ್ಟಿದ್ದೇನೆ, ಮುಟ್ಟುವುದಿಲ್ಲ.

ನಾನಿನ್ನೂ ಮೊದಲ ಸೈಟು ತೆಗೆದುಕೊಂಡಿಲ್ಲ. 'ಇನ್ನೂ ಹುಡುಕ್ತಾನೇ ಇದ್ದೀಯಾ' ಅಂತ ಕೇಳುತ್ತಾರೆ. ಹೌದು, ಹುಡುಕುತ್ತಿದ್ದೇನೆ. ಈಗ ತುಮಕೂರಿನ ಹತ್ತಿರದ ಕೈಗಾರಿಕಾ ಪ್ರದೇಶ ವಸಂತನರಸಾಪುರದ ಕಡೆ ಕಣ್ಣಿದೆ. ಫ್ಯಾಕ್ಟರಿಗಳು ಬರುತ್ತಿವೆ, ಕೆಲಸದವರಿಗೆ ಬಾಡಿಗೆ ಮನೆ ಬೇಕು. ಆದರೆ ಕೈಗಾರಿಕೆಗೆ ಜಮೀನು ಸ್ವಾಧೀನ ಆಗುವ ಪ್ರದೇಶವೂ ಅದೇ. ಅದಕ್ಕೆ ಹನ್ನೊಂದನೇ ಕಾಲಂ ಅಲ್ಲಿ ಎರಡು ಸಲ ಓದಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇಂಟರ್ನೆಟ್ ಇಲ್ಲದಿದ್ದರೆ ನಕ್ಷೆ ತೆರೆಯುವುದಿಲ್ಲ, ಹಳ್ಳಿ ಕಡೆ ಸಿಗ್ನಲ್ ಕೈ ಕೊಡುತ್ತದೆ, ಅದಕ್ಕೆ ಅರ್ಧ ಕಡಿಮೆ. ಹಿಂದಿನ ರಾತ್ರಿ ಮನೆಯಲ್ಲೇ ಸರ್ವೆ ನಂಬರ್ ಹಾಕಿ ಹುಡುಕಿ, ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗಿ. ಸರ್ವೆ ನಂಬರ್ ಮೊದಲೇ ಕೊಡುವುದಿಲ್ಲ ಅಂದವರ ಸೈಟಿಗೆ ಹೋಗಲೇಬೇಡಿ.