ಕಟ್ಟಡ ಕೆಲಸ ಕಲಿಸುವವರಿಗೆ ಅಪ್ರೆಂಟಿಸ್ ನೆರವು: ಹುಬ್ಬಳ್ಳಿಯ ಗುತ್ತಿಗೆದಾರನ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ, ಸಣ್ಣ ಅಪಾರ್ಟ್‌ಮೆಂಟ್, ಗೋದಾಮು ಕಟ್ಟುವ ಗುತ್ತಿಗೆ ನಮ್ಮದು. ನಮ್ಮ ಸೈಟುಗಳು ತಾರಿಹಾಳದ ಕಡೆಯಿಂದ ಧಾರವಾಡದ ಸತ್ತೂರಿನವರೆಗೆ ಹರಡಿಕೊಂಡಿವೆ. ಹುಡುಗರಿಗೆ ಕೆಲಸ ಕಲಿಸಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯನ್ನು, ಅಂದರೆ ನ್ಯಾಪ್ಸ್ ಅನ್ನು, ಕೋವಿಡ್‌ಗೂ ಮುಂಚಿನಿಂದ ಬಳಸುತ್ತಿದ್ದೇವೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಪ್ಲಂಬಿಂಗ್, ಎಲೆಕ್ಟ್ರಿಕಲ್ ಕೆಲಸಕ್ಕೆ ಮಾತ್ರ ಕೇಳಿದರೆ ನಾಲ್ಕು. ಗೌಂಡಿ ಕೆಲಸಕ್ಕೆ, ಅಂದರೆ ಗಾರೆ ಕೆಲಸಕ್ಕೆ, ಎರಡೇ. ಈ ವ್ಯತ್ಯಾಸ ಯಾಕೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹಣದ ಲೆಕ್ಕ. ಯೋಜನೆ ಶುರುವಾಗಿದ್ದು 2016ರಲ್ಲಿ. ಅಪ್ರೆಂಟಿಸ್ ಹುಡುಗನಿಗೆ ನಾವು ಕೊಡುವ ಸ್ಟೈಪೆಂಡ್‌ನಲ್ಲಿ ಶೇ. 25 ಭಾಗವನ್ನು ಸರ್ಕಾರ ಭರಿಸುತ್ತದೆ, ತಿಂಗಳಿಗೆ 1500 ರೂಪಾಯಿ ಮೀರದಂತೆ. 2019ರ ನಿಯಮದಂತೆ ಹತ್ತನೇ ತರಗತಿ ಪಾಸಾದವನಿಗೆ ಕನಿಷ್ಠ 6000, ಐಟಿಐ ಮುಗಿಸಿದವನಿಗೆ 7000 ರೂಪಾಯಿ. 6000ಕ್ಕೆ ಶೇ. 25 ಅಂದರೆ ಸರಿಯಾಗಿ 1500 ಆಯಿತು. ಅದಕ್ಕಿಂತ ಜಾಸ್ತಿ ಎಷ್ಟೇ ಕೊಡಿ, ಸರ್ಕಾರದ ಪಾಲು ಅಲ್ಲಿಗೇ ನಿಲ್ಲುತ್ತದೆ. ಮೊದಲೆಲ್ಲ ನಾವೇ ಪೂರ್ತಿ ಕೊಟ್ಟು, ಆಮೇಲೆ ಬಿಲ್ ಹಾಕಿ ವಾಪಸ್ ಪಡೆಯಬೇಕಿತ್ತು. ಸಣ್ಣ ಗುತ್ತಿಗೆದಾರನ ಕೈಯಲ್ಲಿ ದುಡ್ಡು ಓಡಾಡಬೇಕು, ಹೀಗೆ ಕಾಯುವುದು ಕಷ್ಟ. 2023ರಿಂದ ಸರ್ಕಾರದ ಪಾಲು ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಉಳಿದಿದ್ದನ್ನು ನಾವು ಹಾಕಿ ಪೋರ್ಟಲ್‌ನಲ್ಲಿ ವಿವರ ತುಂಬಿದರೆ ಸಾಕು. ಈ ಬದಲಾವಣೆ ನಿಜಕ್ಕೂ ಒಳ್ಳೆಯದು.

ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ. ಆದರೆ ಅಪಘಾತವಾದರೆ ಪರಿಹಾರದ ಹೊಣೆ ಕಾನೂನಿನ ಪ್ರಕಾರ ನಮ್ಮದೇ. ಹಾಗಾಗಿ ಹುಡುಗರನ್ನು ಸೈಟಿಗೆ ಕರೆದುಕೊಳ್ಳುವ ಮುಂಚೆ ಅವರ ಹೆಸರಿಗೆ ಅಪಘಾತ ವಿಮೆ ಮಾಡಿಸುತ್ತೇವೆ. ಆ ಖರ್ಚಿಗೆ ಯೋಜನೆಯಲ್ಲಿ ನೆರವಿಲ್ಲ. ಹದಿನೆಂಟು ತುಂಬದ ಹುಡುಗನನ್ನು ನಾವು ತೆಗೆದುಕೊಳ್ಳುವುದಿಲ್ಲ. ಸೆಂಟ್ರಿಂಗ್ ಮೇಲೆ, ಅಂದರೆ ಕಾಂಕ್ರೀಟ್ ಹಾಕಲು ಕಟ್ಟುವ ತಾತ್ಕಾಲಿಕ ಹಲಗೆ-ಆಸರೆಯ ಮೇಲೆ, ಹತ್ತಿಸುವ ಕೆಲಸ ಇದು.

ಈಗ ಗೌಂಡಿ ಕೆಲಸದ ಮಾತಿಗೆ ಬರುತ್ತೇನೆ. ಕಲಘಟಗಿ, ಕುಂದಗೋಳ, ಶಿಗ್ಗಾಂವಿ, ಮುಂಡರಗಿ ಕಡೆಯ ಹುಡುಗರು ನಮ್ಮಲ್ಲಿಗೆ ಬರುತ್ತಾರೆ. ತಿಂಗಳಿಗೆ 6000 ಅಂದ ತಕ್ಷಣ ಅವರ ಮುಖ ಬಾಡುತ್ತದೆ. ಹೆಲ್ಪರ್ ಆಗಿ ದಿನಗೂಲಿಗೆ ಹೋದರೆ ಅದೇ ಹುಡುಗ ಹದಿನೈದು ದಿನದಲ್ಲೇ ಅದಕ್ಕಿಂತ ಜಾಸ್ತಿ ದುಡಿಯುತ್ತಾನೆ. ಒಬ್ಬ ನೇರವಾಗಿಯೇ ಕೇಳಿದ: "ಸರ್ರ, ಕಲ್ಯಾಕ ಬಂದ್ರ ಕಡಿಮಿ, ಬುಟ್ಟಿ ಹೊತ್ರ ಜಾಸ್ತಿ. ಮನ್ಯಾಗ ಏನ್ ಹೇಳ್ಲಿ?" ಅವನ ಪ್ರಶ್ನೆಯಲ್ಲಿ ತಪ್ಪೇನಿದೆ? ಮನೆಯಲ್ಲಿ ಸಾಲ ಇದೆ, ತಂಗಿಯ ಕಾಲೇಜು ಫೀ ಇದೆ. ವರ್ಷ ಕಳೆದ ಮೇಲೆ ಬರುವ ಕಸುಬಿಗಾಗಿ ಇವತ್ತಿನ ಕೂಲಿ ಬಿಡು ಅಂದರೆ ಯಾರು ಬಿಡುತ್ತಾರೆ?

ಅದರ ಮೇಲೆ ನಮ್ಮಲ್ಲಿ ಬಟವಾಡೆ ವಾರಕ್ಕೊಮ್ಮೆ. ಸಂತೆಗೆ ದುಡ್ಡು ಬೇಕು. ಸ್ಟೈಪೆಂಡ್ ಬರುವುದು ತಿಂಗಳಿಗೊಮ್ಮೆ, ಬ್ಯಾಂಕಿಗೆ. ಸುಮ್ನೆ ಸಣ್ಣ ಸಂಗತಿ ಅನಿಸಬಹುದು, ಆದರೆ ಹುಡುಗರು ಮೊದಲ ತಿಂಗಳಲ್ಲೇ ಬಿಟ್ಟು ಹೋಗಲು ಇದೇ ದೊಡ್ಡ ಕಾರಣ. ನಾವು ನಿಗದಿಗಿಂತ ಜಾಸ್ತಿ ಸ್ಟೈಪೆಂಡ್ ಇಟ್ಟಿದ್ದೇವೆ, ಅದಕ್ಕೆ ಅಡ್ಡಿಯಿಲ್ಲ. ಸೈಟಿನಲ್ಲಿ ಮಧ್ಯಾಹ್ನದ ರೊಟ್ಟಿ ಊಟ, ಬಸ್ ಪಾಸಿನ ದುಡ್ಡು ಬೇರೆ ಕೊಡುತ್ತೇವೆ. ಇಷ್ಟೆಲ್ಲ ಸೇರಿಸಿದರೆ ಸರ್ಕಾರದ 1500 ರೂಪಾಯಿ ನಮ್ಮ ಖರ್ಚಿನಲ್ಲಿ ಸಣ್ಣ ಭಾಗ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಲಿಯುವವನಿಗೆ ಸ್ವಲ್ಪವಾದರೂ ಸಿಗುತ್ತದೆ. ಕಲಿಸುವವನಿಗೆ ಏನೂ ಇಲ್ಲ! ನಮ್ಮ ಹಿರಿಯ ಗೌಂಡಿಯೊಬ್ಬರು ಇಟ್ಟಿಗೆ ಕಟ್ಟಿದರೆ ಗೋಡೆ ನೇರವಿದೆಯಾ ಅಂತ ಓಳಂಬದ ದಾರ ಬಿಟ್ಟು ನೋಡುವ ಅಗತ್ಯವೇ ಬೀಳುವುದಿಲ್ಲ. ಅಷ್ಟು ಕರಾರುವಾಕ್ಕು. ಅವರ ಪಕ್ಕದಲ್ಲಿ ಹೊಸ ಹುಡುಗನನ್ನು ನಿಲ್ಲಿಸಿದ ದಿನ ಅವರ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಗಾರೆ ಹಾಕುವ ಥಾಪಿ ಹಿಡಿಯುವುದು ಹೇಗೆ, ಗಾರೆ ಎಷ್ಟು ಗಟ್ಟಿ ಇರಬೇಕು, ಇಟ್ಟಿಗೆಯನ್ನು ಮೊದಲೇ ಯಾಕೆ ನೆನೆಸಬೇಕು, ಮೂಲೆ ಹೇಗೆ ಎತ್ತಬೇಕು, ಪ್ಲಾಸ್ಟರ್ ಆದ ಮೇಲೆ ಎಷ್ಟು ದಿನ ನೀರು ಹೊಡೆಯಬೇಕು, ಎಲ್ಲವನ್ನೂ ತೋರಿಸಬೇಕು. ಹುಡುಗ ಕಟ್ಟಿದ್ದು ಸೊಟ್ಟಗಾದರೆ ಒಡೆದು ಮತ್ತೆ ಕಟ್ಟಬೇಕು. ಆ ಇಟ್ಟಿಗೆ, ಸಿಮೆಂಟು, ಆ ಹೊತ್ತು, ಯಾವುದೂ ಯಾವ ನಮೂನೆಯಲ್ಲೂ ಬರುವುದಿಲ್ಲ. ತರಬೇತಿಯ ನಿಜವಾದ ಖರ್ಚು ಇದೇ ಅಲ್ವಾ?

ನಾವು ಈಗ ಕಲಿಸುವ ಗೌಂಡಿಗಳಿಗೆ ದಿನದ ಪಗಾರದ ಮೇಲೆ ಬೇರೆ ಭತ್ಯೆ ಕೊಡುತ್ತೇವೆ. ಹುಡುಗ ಒಂದು ಕೋಣೆಯ ಗೋಡೆಯನ್ನು ಯಾರ ಸಹಾಯವೂ ಇಲ್ಲದೆ ಎತ್ತಿದರೆ ಇನ್ನಷ್ಟು ಕೊಡುತ್ತೇವೆ. ಇದು ಶುರುವಾದ ಮೇಲೆ ಕಲಿಸುವುದರಲ್ಲಿ ತುಂಬ ಬದಲಾವಣೆ ಬಂತು. ಮೊದಲು ಹುಡುಗರನ್ನು ನೀರು ತರಲು ಓಡಿಸುತ್ತಿದ್ದವರೇ ಈಗ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುತ್ತಾರೆ. ಸರ್ಕಾರ ಯೋಜನೆ ತಿದ್ದುವುದಾದರೆ ಮೊದಲು ಇಲ್ಲಿಂದ ಶುರು ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಐಟಿಐ ಮುಗಿಸಿ ಬರುವ ಪ್ಲಂಬರ್, ಎಲೆಕ್ಟ್ರಿಷಿಯನ್ ಹುಡುಗರ ಮಟ್ಟಿಗೆ ಯೋಜನೆ ಚೆನ್ನಾಗಿ ನಡೆಯುತ್ತದೆ. ಅವರಿಗೆ ಅಪ್ರೆಂಟಿಸ್ ಅಂದರೇನು ಅಂತ ಗೊತ್ತಿರುತ್ತದೆ, ಕೊನೆಯ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಪ್ರಮಾಣಪತ್ರದ ಬೆಲೆಯೂ ಗೊತ್ತು. ಇಲ್ಲಿ ನಮಗಿರುವ ಪೈಪೋಟಿ ದಿನಗೂಲಿಯದಲ್ಲ, ರೈಲ್ವೆಯದು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು ನಮ್ಮದು. ಇಲ್ಲಿನ ವರ್ಕ್‌ಶಾಪ್ ಅಪ್ರೆಂಟಿಸ್‌ಗಳನ್ನು ಕರೆದರೆ ಒಳ್ಳೆಯ ಅಂಕದ ಹುಡುಗರು ಅತ್ತ ಅರ್ಜಿ ಹಾಕುತ್ತಾರೆ, ಹಾಕಲಿ. ಆದರೆ ನಮ್ಮಲ್ಲಿ ಉಳಿದ ಹುಡುಗರೂ ಮನೆಯ ವೈರಿಂಗನ್ನು ಮೊದಲಿಂದ ಕೊನೆಯವರೆಗೆ ಸ್ವಂತ ಕೈಯಲ್ಲಿ ಮಾಡಿ ಕಲಿಯುತ್ತಾರೆ. ಕೆಲವರು ಈಗ ಸ್ವತಃ ಸಣ್ಣ ಕಾಂಟ್ರ್ಯಾಕ್ಟ್ ಹಿಡಿಯುತ್ತಿದ್ದಾರೆ. ನಮ್ಮ ಸೈಟಿಗೇ ಬಂದು ಕೊಟೇಶನ್ ಕೊಟ್ಟಾಗ ತುಂಬ ಖುಷಿಯಾಯಿತು.

ಪೋರ್ಟಲ್ ಕೆಲಸ ಒಮ್ಮೆ ಕೈಗೆ ಹತ್ತಿದರೆ ಕಷ್ಟವೇನಲ್ಲ. ನಾಲ್ಕು ಜನ ಕೆಲಸಗಾರರಿದ್ದರೂ ಸಂಸ್ಥೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. ಮೂವತ್ತು ಅಥವಾ ಅದಕ್ಕಿಂತ ಜಾಸ್ತಿ ಜನರಿದ್ದರೆ ಶೇ. 2.5ರಿಂದ 15ರೊಳಗೆ ತೆಗೆದುಕೊಳ್ಳುವುದು ಕಡ್ಡಾಯ. ಸಿಕ್ಕಿಬೀಳುವುದು ಆಧಾರ್ ಹತ್ತಿರ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಸರ್ಕಾರದ ಪಾಲು ಬರುವುದಿಲ್ಲ, ಹುಡುಗ ನಾವೇ ಹಿಡಿದುಕೊಂಡಿದ್ದೇವೆ ಅಂದುಕೊಳ್ಳುತ್ತಾನೆ. ಆ ಅನುಮಾನ ತುಂಬ ನೋವು ಕೊಡುತ್ತದೆ. ಈಗ ಕರಾರು ಆಗುವ ಮುಂಚೆಯೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಸರಿಮಾಡಿಸುತ್ತೇವೆ.

ವಯಸ್ಸಾದ ಗೌಂಡಿಗಳಿಗೆ ಅಪ್ರೆಂಟಿಸ್ ಯೋಜನೆ ಹೊಂದುವುದಿಲ್ಲ. ಅವರು ಈಗಾಗಲೇ ಕಲಿತವರು, ಕಾಗದ ಮಾತ್ರ ಇಲ್ಲ. ಅವರಿಗೆ ಇರುವುದು ಪೂರ್ವ ಕಲಿಕೆಯನ್ನು ಗುರುತಿಸುವ ಆರ್‌ಪಿಎಲ್. ಸೈಟಿಗೇ ಬಂದು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. 2022ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಬಂದ ನಿಪುಣ್ ಯೋಜನೆಯಲ್ಲಿ ದೊಡ್ಡ ಭಾಗ ಇದೇ ಆಗಿತ್ತು. ಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ ತಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲೂ ಗಾರೆ ಕೆಲಸದವರಿದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ. ಅದು ಸ್ವಂತವಾಗಿ ದುಡಿಯುವ ಕುಶಲಕರ್ಮಿಗೆ ಸೇರಿದ್ದು, ನಮ್ಮಂಥ ಮಾಲೀಕರಿಗಲ್ಲ. ಆದರೂ ಒಂದು ಒಳ್ಳೆಯ ಅಂಶ ಇದೆ: ಕಲಿಯಲು ಬಂದ ದಿನ ಕೂಲಿ ತಪ್ಪುತ್ತದೆ ಅನ್ನುವುದನ್ನು ಅದು ಒಪ್ಪಿಕೊಂಡಿದೆ. ನ್ಯಾಪ್ಸ್ ಇನ್ನೂ ಒಪ್ಪಿಕೊಂಡಿಲ್ಲ.

ಹಣ ಎಲ್ಲಿಂದ ಬರಬೇಕು ಅಂತ ಕೇಳುವವರಿಗೆ ಒಂದು ಮಾತು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ 1996ರ ಕಾನೂನಿನಿಂದ ಬಂದ ಸೆಸ್ಸನ್ನು ಕಟ್ಟಡದ ವೆಚ್ಚದ ಶೇ. 1ರಂತೆ ಕಟ್ಟುತ್ತಲೇ ಇದ್ದೇವೆ. ಕಾರ್ಮಿಕರ ಮಕ್ಕಳ ಓದು, ಮದುವೆ, ಪಿಂಚಣಿಗೆ ಅದು ಹೋಗುವುದು ಸರಿಯೇ. ಅದರಲ್ಲೇ ಒಂದು ಸಣ್ಣ ಪಾಲು ಸೈಟಿನಲ್ಲಿ ಕಲಿಸುವ ಗೌಂಡಿಗೆ ಸಿಕ್ಕರೆ ಕಾರ್ಮಿಕರ ದುಡ್ಡು ಕಾರ್ಮಿಕರಿಗೇ ಹೋದ ಹಾಗೆ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಆಮೇಲೆ ಮನೆ ಕಟ್ಟಿಸುವವರು ನಮ್ಮನ್ನು ಕೇಳುವ ಪ್ರಶ್ನೆಗಳೇ ಬದಲಾದವು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಕಟ್ಟುವವರು ಯಾರು, ಎಲ್ಲಿ ಕಲಿತರು, ಕಾಂಕ್ರೀಟಿಗೆ ನೀರು ಅಳತೆ ಮಾಡಿ ಹಾಕುತ್ತಾರೋ ಇಲ್ಲವೋ ಅಂತ ಕೇಳುತ್ತಾರೆ. ಕೇಳಲೇಬೇಕು. ಅವತ್ತಿನಿಂದ ಸರಳು ಬಗ್ಗಿಸಿ ಕಟ್ಟುವ ಬಾರ್ ಬೆಂಡಿಂಗ್‌ಗೂ ಹುಡುಗರನ್ನು ಅಪ್ರೆಂಟಿಸ್ ಆಗಿಯೇ ತೆಗೆದುಕೊಳ್ಳುತ್ತಿದ್ದೇವೆ. ನೆರವು ಕಡಿಮೆ ಇದ್ದರೂ ಯೋಜನೆ ಬಿಡದಿರಲು ಇದೇ ಕಾರಣ. ಕರಾರು ಇದ್ದರೆ ಕಲಿಸಬೇಕಾದ ಪಾಠಗಳ ಪಟ್ಟಿ ಇರುತ್ತದೆ, ಕೊನೆಗೆ ಹೊರಗಿನವರು ಪರೀಕ್ಷೆ ಮಾಡುತ್ತಾರೆ.

ಹೊಸದಾಗಿ ಸೇರಬೇಕು ಅನ್ನುವ ಗುತ್ತಿಗೆದಾರರು ಐಟಿಐ ಹುಡುಗರಿಂದ ಶುರು ಮಾಡಿ. ಗೌಂಡಿ ಕೆಲಸಕ್ಕೆ ಹಳ್ಳಿಯ ಹುಡುಗರನ್ನು ತೆಗೆದುಕೊಳ್ಳುವುದಾದರೆ ಮುಂಗಾರು ಬಿತ್ತನೆ ಮುಗಿದ ಮೇಲೆ ಕರೆಯಿರಿ, ಅದಕ್ಕೂ ಮುಂಚೆ ಬಂದವರು ಹೊಲಕ್ಕೆ ವಾಪಸ್ ಹೋಗುತ್ತಾರೆ. ಕಲಿಸುವವರ ಭತ್ಯೆಯನ್ನು ಟೆಂಡರ್ ಹಾಕುವಾಗಲೇ ಲೆಕ್ಕಕ್ಕೆ ಹಿಡಿಯಿರಿ.