ಹಳೇ ಟೀವಿ, ಕಲ್ಲಿನ ಗೋಡೆ, ಒಂದು ಸ್ಟಿಕ್: ಮೂರು ಬೇಸಿಗೆ ಬಳಸಿದ ಮೇಲೆ

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆ ಪಡಸಾಲೆಯಲ್ಲಿ 2014ರಲ್ಲಿ ಕೊಂಡ 32 ಇಂಚಿನ ಎಲ್‌ಇಡಿ ಟೀವಿ ಇದೆ. ಸ್ಮಾರ್ಟ್ ಟೀವಿಯಲ್ಲ, ಹಿಂದೆ ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ತೆಗೆದುಕೊಳ್ಳುವ ಎರಡು ಎಚ್‌ಡಿಎಂಐ ಕಿಂಡಿಗಳಿವೆ ಅಷ್ಟೇ. ಜೋರು ಮಳೆ ಹಿಡಿದರೆ ಸಾಕು, ಮಾಳಿಗೆ ಮೇಲಿನ ಡಿಶ್‌ಗೆ ಸಿಗ್ನಲ್ ಹೋಗಿ ಅವ್ವನ ಧಾರಾವಾಹಿ ಅರ್ಧಕ್ಕೇ ನಿಲ್ಲುತ್ತಿತ್ತು. ಮನೆಗೆ ಫೈಬರ್ ಇಂಟರ್ನೆಟ್ ಬಂದ ಮೇಲೆ, 2022ರ ದೀಪಾವಳಿ ಹೊತ್ತಿಗೆ ಇಂಟರ್ನೆಟ್ಟಿನ ವಿಡಿಯೋಗಳನ್ನು ಹಳೇ ಟೀವಿಯಲ್ಲೂ ತೋರಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದೆ. ಆಮೇಲೆ ಮೂರು ಬೇಸಿಗೆ ಕಳೆದಿವೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಯಾವ ಕಂಪನಿಯ ಸ್ಟಿಕ್‌ಗಾದರೂ ಸಲ್ಲುತ್ತದೆ. ಇವತ್ತು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೊದಲ ಎರಡು ತಿಂಗಳಲ್ಲಿ ಕೇಳಿದ್ದರೆ ಒಂದೂ ಕೊಡುತ್ತಿರಲಿಲ್ಲ. ಯಾವ ವಸ್ತು ಯಾವ ಕೆಲಸ ಮಾಡುತ್ತದೆ ಅನ್ನೋದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಅದನ್ನೇ ಹೇಳುತ್ತೇನೆ. ಸ್ಟಿಕ್ ಹಾಕಿದ ಟೀವಿಗೆ ಇಂಟರ್ನೆಟ್ಟಿನ ಗಂಧವೇ ಇರುವುದಿಲ್ಲ. ಬೆರಳಿನಷ್ಟು ಉದ್ದದ ಆ ಸ್ಟಿಕ್ಕೇ ಒಂದು ಸಣ್ಣ ಕಂಪ್ಯೂಟರ್. ಅದರೊಳಗೆ ಪ್ರೊಸೆಸರ್, ಮೆಮೊರಿ, ವೈ-ಫೈ ಎಲ್ಲ ಇವೆ. ನಮ್ಮ ಕಡೆ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಿ ಲಾರಿಗೆ ಹೇರುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ವಿಡಿಯೋ ಕೂಡ ಹಾಗೇ ಒತ್ತಿ ಕಟ್ಟಿದ ರೂಪದಲ್ಲಿ, ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಸ್ಟಿಕ್ ಒಂದೊಂದೇ ತುಂಡನ್ನು ತರಿಸಿ, ಬಿಚ್ಚಿ, ಚಿತ್ರವನ್ನೂ ಧ್ವನಿಯನ್ನೂ ಎಚ್‌ಡಿಎಂಐ ಮೂಲಕ ಟೀವಿಗೆ ದಾಟಿಸುತ್ತದೆ. ಬಿಚ್ಚಿದಾಗ ಅದರ ಗಾತ್ರ ನೂರಾರು ಪಟ್ಟು ಹಿಗ್ಗಿರುತ್ತದೆ. ಟೀವಿ ಅದನ್ನು ತೋರಿಸುತ್ತದೆ, ಕೇಳಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು.

ಇದು ತಿಳಿಯದೆ ಮೊದಲ ವಾರ ಆದದ್ದು ನೋಡಿ. ಅವ್ವ ಹಳೇ ರಿಮೋಟಿನಲ್ಲಿ ಏನೋ ಒತ್ತಿದಳು, ಪರದೆ ಮೇಲೆ ‘ನೋ ಸಿಗ್ನಲ್’ ಬಂತು. "ತಮ್ಮಾ, ಟೀವಿ ಕೆಟ್ಟದ ನೋಡು" ಅಂತ ಆಫೀಸಿಗೆ ಫೋನ್ ಬಂತು. ಪಕ್ಕದ ಮನೆ ಕಾಕಾ ಮಾಳಿಗೆ ಹತ್ತಿ ಡಿಶ್ ತಿರುಗಿಸಿಯೂ ನೋಡಿದ್ದರು. ಆದದ್ದಿಷ್ಟೇ: ಸ್ಟಿಕ್ ಎರಡನೇ ಎಚ್‌ಡಿಎಂಐನಲ್ಲಿತ್ತು, ಟೀವಿ ಒಂದನೆಯದನ್ನು ನೋಡುತ್ತಿತ್ತು. ರಿಮೋಟಿನ ‘ಸೋರ್ಸ್’ ಬಟನ್ ಮೇಲೆ ಕೆಂಪು ನೇಲ್‌ಪಾಲಿಶ್‌ನ ಚುಕ್ಕೆ ಇಟ್ಟುಕೊಟ್ಟೆ. ಅಂದಿನಿಂದ ಆ ವಿಷಯಕ್ಕೆ ಫೋನ್ ಬಂದಿಲ್ಲ.

ನಿಜವಾಗಿ ಕಾಡಿದ್ದು ಕರೆಂಟ್. ಹೋಮ್ ಸ್ಕ್ರೀನ್ ಚೆನ್ನಾಗೇ ಬರುತ್ತಿತ್ತು, ಆ್ಯಪ್ ತೆರೆಯುತ್ತಿತ್ತು. ವಿಡಿಯೋ ಶುರುವಾಗಿ ಎರಡು ನಿಮಿಷಕ್ಕೆ ಪರದೆ ಕಪ್ಪಾಗಿ ಮತ್ತೆ ಕಂಪನಿಯ ಲೋಗೋ ಬರುತ್ತಿತ್ತು. ದಿನಕ್ಕೆ ಹತ್ತು ಸಲ. ಊರಿನ ಒಂದು ರಿಪೇರಿ ಅಂಗಡಿಗೆ ಟೀವಿ ಹೊತ್ತುಕೊಂಡು ಹೋದೆ. "ಬೋರ್ಡ್ ಹೋಗ್ಯಾದ್ರೀ, ನಾಲ್ಕು ಸಾವಿರ ಆಗ್ತದ. ಅದ್ರಕಿಂತ ಹೊಸದ ತಗೋರಿ" ಅಂದರು. ಮನೆಗೆ ತಂದು, ಟೀವಿಯನ್ನು ಹಾಸಿಗೆ ಮೇಲೆ ಬೋರಲು ಮಲಗಿಸಿ ಟಾರ್ಚ್ ಹಿಡಿದು ಹಿಂಬದಿ ಓದಿದೆ. ಯುಎಸ್‌ಬಿ ಕಿಂಡಿಯ ಪಕ್ಕ ಸಣ್ಣ ಅಕ್ಷರದಲ್ಲಿ ‘5 ವೋಲ್ಟ್, 0.5 ಆಂಪಿಯರ್’ ಎಂದಿತ್ತು. ಸ್ಟಿಕ್‌ನ ಜೊತೆ ಬಂದ ಅಡಾಪ್ಟರ್ ಮೇಲೆ ‘5 ವೋಲ್ಟ್, 1 ಆಂಪಿಯರ್’. ಗೋಡೆಯಲ್ಲಿ ಸಾಕೆಟ್ ಖಾಲಿ ಇಲ್ಲವೆಂದು ನಾನು ಸ್ಟಿಕ್‌ನ ವೈರನ್ನು ಟೀವಿಯ ಯುಎಸ್‌ಬಿಗೇ ಚುಚ್ಚಿದ್ದೆ. ಬೇಕಿದ್ದ ಕರೆಂಟಿನ ಅರ್ಧ ಮಾತ್ರ ಸಿಗುತ್ತಿತ್ತು. ಸುಮ್ಮನೆ ಮೆನು ತೋರಿಸಲು ಅದು ಸಾಲುತ್ತದೆ. ವಿಡಿಯೋ ಬಿಚ್ಚುವ ಕೆಲಸ, ವೈ-ಫೈ ಕೆಲಸ ಎರಡೂ ಕೂಡಿದಾಗ ಸಾಲದೆ ಸ್ಟಿಕ್ ಆಫ್ ಆಗಿ ಮತ್ತೆ ಏಳುತ್ತಿತ್ತು. ಎಚ್‌ಡಿಎಂಐ ಕಿಂಡಿಯಿಂದಲೂ ಸ್ಟಿಕ್ ನಡೆಯುವಷ್ಟು ಕರೆಂಟ್ ಬರುವುದಿಲ್ಲ. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಅದರದೇ ಅಡಾಪ್ಟರ್ ಹಾಕಿದೆ. ಅಂದಿನಿಂದ ಇವತ್ತಿನವರೆಗೆ ಆ ಲೋಗೋ ತಾನಾಗಿ ಬಂದಿಲ್ಲ. ಟೀವಿಯ ಬೋರ್ಡಿಗೆ ಏನೂ ಆಗಿರಲಿಲ್ಲ. ಆ ಅಂಗಡಿಯ ಮಾತು ನಂಬಿ ಹೊಸ ಟೀವಿ ಕೊಂಡವರು ಎಷ್ಟು ಮಂದಿಯೋ ಎಂದು ಈಗಲೂ ಸಂಕಟವಾಗುತ್ತದೆ.

ಎರಡನೆಯದು ನಮ್ಮೂರಿನ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಅಪರೂಪವಲ್ಲ. ನಮ್ಮ ಟೀವಿ ಇರುವುದು ಪಡುವಣ ಗೋಡೆಗೆ, ಸಂಜೆ ಆರಕ್ಕೂ ಆ ಕಲ್ಲು ಮುಟ್ಟಿದರೆ ಬೆಚ್ಚಗಿರುತ್ತದೆ. ಟೀವಿಗೂ ಗೋಡೆಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಸ್ಟಿಕ್ ಸಿಕ್ಕಿಕೊಂಡಿತ್ತು. ಮೊದಲ ಬೇಸಿಗೆಯಲ್ಲಿ ವಿಡಿಯೋ ತಡವರಿಸತೊಡಗಿತು, ಒಂದು ದಿನ ಬಿಸಿ ಹೆಚ್ಚಾಗಿದೆ ಎಂಬ ಎಚ್ಚರಿಕೆಯೂ ಬಂತು. ಡಬ್ಬಿಯಲ್ಲೇ ಒಂದು ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೇಬಲ್ ಇತ್ತು, ಯಾತಕ್ಕೆಂದು ತಿಳಿಯದೆ ಎತ್ತಿಟ್ಟಿದ್ದೆ. ಅದನ್ನು ಹಾಕಿ ಸ್ಟಿಕ್ ಅನ್ನು ಟೀವಿಯ ಅಂಚಿನಾಚೆ ಗಾಳಿಗೆ ತೂಗಿಬಿಟ್ಟೆ. ಬಿಸಿ ಇಳಿಯಿತು. ಟೀವಿಯ ತಗಡಿನ ಮರೆಯಿಂದ ಹೊರಬಂದದ್ದಕ್ಕೆ ವೈ-ಫೈ ಕೂಡ ಒಂದು ಗೆರೆ ಏರಿತು.

ವೈ-ಫೈ ಕತೆ ಹಳೇ ಮನೆಯವರಿಗೆಲ್ಲ ಬೇಕಾದದ್ದು. ನಮ್ಮದು ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಮನೆಗೆಲ್ಲ ವೈ-ಫೈ ಹಂಚುವ ರೌಟರ್ ಅಪ್ಪನ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಮಗ್ಗುಲಲ್ಲಿತ್ತು. ನಮ್ಮ ಪ್ಲಾನಿನ ವೇಗ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 40 ಮೆಗಾಬಿಟ್. ನಮ್ಮ ರೌಟರ್ 5 ಗಿಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ತರಂಗಗಳಿಗೆ ಎರಡು ವೈ-ಫೈ ಹೆಸರು ತೋರಿಸುತ್ತದೆ. ರೌಟರಿನ ಪಕ್ಕ ಫೋನ್ ಹಿಡಿದರೆ 38 ತೋರಿಸುತ್ತಿತ್ತು, ಟೀವಿ ಮುಂದೆ ಅದೇ 5 ಗಿಗಾಹರ್ಟ್ಸ್ ಹೆಸರಿಗೆ ಕೂಡಿಸಿದರೆ ಬರೀ 3. ಫುಲ್ ಎಚ್‌ಡಿಗೆ ಹೆಚ್ಚುಕಡಿಮೆ 5 ಬೇಕು. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವ ತ್ರಾಣ ಕಡಿಮೆ. 2.4 ಗಿಗಾಹರ್ಟ್ಸ್ ನಿಧಾನ, ಆದರೂ ಗೋಡೆ ದಾಟಿ ಬರುತ್ತದೆ. ಅದಕ್ಕೆ ಬದಲಿಸಿದೆ, 14 ಸಿಕ್ಕಿತು. ರೌಟರನ್ನು ಕಪಾಟಿನಿಂದ ಸರಿಸಿ ಬಾಗಿಲ ಮೇಲಿನ ಗೂಡಿನಲ್ಲಿಟ್ಟೆ, 20 ದಾಟಿತು. ಒಂದು ಪೈಸೆ ಖರ್ಚಿಲ್ಲ. ನೆಟ್ ಕಡಿಮೆಯಾದರೆ ವಿಡಿಯೋ ನಿಲ್ಲಲೇಬೇಕೆಂದಿಲ್ಲ ಅನ್ನೋದೂ ಆಗಲೇ ಗೊತ್ತಾಯಿತು. ಒಂದೇ ಕಾರ್ಯಕ್ರಮದ ತುಂಡುಗಳು ಹಲವು ಗುಣಮಟ್ಟದಲ್ಲಿ ಸಿದ್ಧವಿರುತ್ತವೆ. ವೇಗ ಇಳಿದಾಗ ಸ್ಟಿಕ್ ಮಸುಕಾದ ತುಂಡನ್ನು ತರಿಸಿ ಆಟ ಮುಂದುವರಿಸುತ್ತದೆ. "ಮಾರಿ ಸ್ಪಷ್ಟ ಕಾಣವಲ್ದು, ಟೀವಿಗೆ ವಯಸ್ಸಾಗ್ಯಾದ" ಎಂದು ಅವ್ವ ಅನ್ನುತ್ತಿದ್ದದ್ದು ಇದಕ್ಕೇ.

ರಿಮೋಟ್ ಬಗ್ಗೆ ಒಂದು ಮಾತು. ಸ್ಟಿಕ್ ಜೊತೆ ಅದು ಬ್ಲೂಟೂತಿನಲ್ಲಿ ಮಾತಾಡುತ್ತದೆ, ರಗ್ಗಿನೊಳಗಿಂದ ಒತ್ತಿದರೂ ನಡೆಯುತ್ತದೆ. ಟೀವಿಯ ಧ್ವನಿ ಏರಿಸುವ ಬಟನ್ ಮಾತ್ರ ಹಳೇ ಪದ್ಧತಿಯ ಇನ್‌ಫ್ರಾರೆಡ್, ಅದಕ್ಕೆ ಟೀವಿ ಕಡೆಗೇ ಹಿಡಿಯಬೇಕು. ಒಂದು ಬಟನ್ ನಡೆದು ಇನ್ನೊಂದು ನಡೆಯದಿದ್ದರೆ ಸೆಲ್ ಬಿಸಾಕುವ ಮುಂಚೆ ಇದನ್ನು ನೋಡಿ.

ಫೋನಿನಿಂದ ಟೀವಿಗೆ ಕಳಿಸುವುದು ಮಗನಿಗೆ ಇಷ್ಟ. ಯೂಟ್ಯೂಬಿನಲ್ಲಿ ‘ಕಾಸ್ಟ್’ ಒತ್ತಿದಾಗ ಫೋನು ವಿಡಿಯೋವನ್ನು ಹೊತ್ತು ತರುವುದಿಲ್ಲ. ಯಾವ ವಿಡಿಯೋ ಅನ್ನೋದನ್ನಷ್ಟೇ ತಿಳಿಸುತ್ತದೆ, ಸ್ಟಿಕ್ ತಾನೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಹಾಗಾಗಿ ನಡುವೆ ಫೋನ್ ಬಂದರೂ ಟೀವಿಯಲ್ಲಿ ಓಡುತ್ತಲೇ ಇರುತ್ತದೆ. ಸ್ಕ್ರೀನ್ ಮಿರರಿಂಗ್ ಬೇರೆ, ಅದರಲ್ಲಿ ಫೋನಿನ ಇಡೀ ಪರದೆಯೇ ಹೋಗುತ್ತದೆ, ಬಂದ ಮೆಸೇಜೂ ಎಲ್ಲರಿಗೆ ಕಾಣುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ, ಸ್ಟಿಕ್‌ನೊಳಗಿನ 8 ಜಿಬಿ ಜಾಗ ಬೇಗ ತುಂಬುತ್ತದೆ. ಎರಡು ತಿಂಗಳಿಗೊಮ್ಮೆ ಆ್ಯಪ್‌ಗಳ ಕ್ಯಾಶ್, ಅಂದರೆ ಅವು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಫೈಲುಗಳನ್ನು ಅಳಿಸದಿದ್ದರೆ ಮೆನು ಎಳೆದಾಡುತ್ತದೆ. ಹೋಮ್ ಸ್ಕ್ರೀನಿನಲ್ಲಿ ಜಾಹೀರಾತು ವರ್ಷದಿಂದ ವರ್ಷಕ್ಕೆ ಹೆಚ್ಚಿದೆ, ದುಡ್ಡು ಕೊಟ್ಟು ಕೊಂಡ ವಸ್ತುವಿನಲ್ಲಿ ಇದು ನನಗೆ ಸರಿ ಕಾಣುವುದಿಲ್ಲ. ಕ್ರಿಕೆಟ್ ನೇರಪ್ರಸಾರ ಡಿಶ್‌ಗಿಂತ ಹಿಂದೆ ಬೀಳುತ್ತದೆ. ತುಂಡುಗಳನ್ನು ಕೂಡಿಟ್ಟುಕೊಂಡು ಆಡಿಸುವುದರಿಂದ ಇದು ತಪ್ಪದು. ಪಕ್ಕದ ಮನೆಯಲ್ಲಿ ಸಿಕ್ಸರಿಗೆ ಕೇಕೆ ಬಿದ್ದ ಮೇಲೆ ನಮ್ಮಲ್ಲಿ ಬೌಲರ್ ಓಡಿ ಬರುತ್ತಾನೆ. ಕರೆಂಟ್ ಹೋಗಿ ಬಂದಾಗ ಸ್ಟಿಕ್ ಬೇಗ ಏಳುತ್ತದೆ, ರೌಟರ್ ತಡವಾಗಿ ಏಳುತ್ತದೆ. ಆ ಎರಡು ಮೂರು ನಿಮಿಷ ‘ಇಂಟರ್ನೆಟ್ ಇಲ್ಲ’ ಎಂದೇ ತೋರಿಸುತ್ತದೆ, ಸೆಟ್ಟಿಂಗ್ ಕೆದಕಬೇಡಿ, ಕಾಯಿರಿ.

ಫೋನಿನ ಹಾಟ್‌ಸ್ಪಾಟ್ ನಂಬಿ ಕೊಳ್ಳುವವರು ಲೆಕ್ಕ ಹಾಕಿಕೊಳ್ಳಿ: ಎಚ್‌ಡಿಯಲ್ಲಿ ಒಂದು ತಾಸಿಗೆ 3 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕು ಅರ್ಧ ತಾಸಿಗೇ ಮುಗಿದೀತು. ಸೆಟ್ಟಿಂಗಿನಲ್ಲಿ ಗುಣಮಟ್ಟ ಇಳಿಸಿಕೊಂಡರೆ ಹೆಚ್ಚು ಹೊತ್ತು ನಡೆಯುತ್ತದೆ, 32 ಇಂಚಿನಲ್ಲಿ ಅದು ಕಣ್ಣಿಗೆ ಅಷ್ಟು ಹತ್ತುವುದೂ ಇಲ್ಲ. ಹಳೇ ಟೀವಿಗೆ 4ಕೆ (ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕೆಗಳ ಚಿತ್ರ) ಸ್ಟಿಕ್ ಕೊಂಡರೆ 4ಕೆ ಚಿತ್ರ ಬರುವುದಿಲ್ಲ, ಆ ಹೆಚ್ಚಿನ ದುಡ್ಡನ್ನು ಒಳ್ಳೆಯ ರೌಟರಿಗೆ ಹಾಕಿ.

ಮುಂದಿನ ವಾರ ಯಾದಗಿರಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಅವಳಿಗೂ ಒಂದು ಸ್ಟಿಕ್ ಬೇಕಂತೆ. ಟೀವಿಯ ಹಿಂಬದಿ ಫೋಟೋ ಕಳಿಸು ಅಂದಿದ್ದೆ, ನಿನ್ನೆ ರಾತ್ರಿ ಬಂತು. ಎಚ್‌ಡಿಎಂಐ ಒಂದೇ ಇದೆ, ಅದರಲ್ಲಿ ಸೆಟ್‌ಟಾಪ್ ಬಾಕ್ಸ್ ಕೂತಿದೆ. ಬಾಕ್ಸ್ ಅನ್ನು ಹಳದಿ, ಕೆಂಪು, ಬಿಳಿ ಪಿನ್ನಿನ ವೈರಿಗೆ ಬದಲಿಸಿ ಎಚ್‌ಡಿಎಂಐ ಅನ್ನು ಸ್ಟಿಕ್‌ಗೆ ಬಿಡಿಸಬೇಕು. ಆ ವೈರು, ಒಂದು ಎಕ್ಸ್‌ಟೆನ್ಷನ್ ಬೋರ್ಡು, ಕೆಂಪು ನೇಲ್‌ಪಾಲಿಶ್ ಚೀಲಕ್ಕೆ ಹಾಕಿಟ್ಟಿದ್ದೇನೆ.